ಸೂಜಿ ನಿಲ್ಲುವವರೆಗೆ: ಹಳೆಯ ಕೈದಿಕ್ಸೂಚಿಗಳ ಒಂದು ವಿಮರ್ಶೆ

ದಿಕ್ಸೂಚಿಯನ್ನು ವಿಮರ್ಶಿಸಲು ಹೊರಟವನಿಗೆ ಮೊದಲ ಹೆಜ್ಜೆಯಲ್ಲೇ ಒಂದು ತೊಡಕು ಎದುರಾಗುತ್ತದೆ. ಉತ್ತರ ಯಾವ ಕಡೆಗಿದೆ ಎಂದು ತೋರಿಸುವುದಷ್ಟೇ ಅದರ ಕೆಲಸವಾದರೆ, ಕೆಟ್ಟ ದಿಕ್ಸೂಚಿಯೂ ಒಳ್ಳೆಯ ದಿಕ್ಸೂಚಿಯೂ ಆ ಕೆಲಸವನ್ನು ಹೆಚ್ಚುಕಡಿಮೆ ಒಂದೇ ರೀತಿಯಲ್ಲಿ ಮಾಡುತ್ತವೆ. ಮೊನೆಯ ಮೇಲೆ ತಿರುಗುವ ಸೂಜಿ ಮತ್ತು ಅದರ ಸುತ್ತ ಭಾಗಗಳನ್ನು ಗುರುತಿಸಿದ ವೃತ್ತ ಎಂಬ ಮೂಲ ಕಲ್ಪನೆಯನ್ನು 1269ರಲ್ಲಿ ಫ್ರಾನ್ಸಿನ ವಿದ್ವಾಂಸ ಪೆತ್ರುಸ್ ಪೆರೆಗ್ರಿನಸ್ ಸೂಜಿಗಲ್ಲಿನ ಬಗ್ಗೆ ಬರೆದ ಪತ್ರದಲ್ಲಿಯೇ ವಿವರಿಸಿದ್ದಾನೆ. ಅಲ್ಲಿಂದ ಈಚೆಗೆ ಭೂಮಿಯ ಕಾಂತಕ್ಷೇತ್ರ ಸೂಜಿಯನ್ನು ಎಳೆಯುವ ರೀತಿಯೂ ಅದೇ, ಸೂಜಿಯ ಸ್ವಭಾವವೂ ಅದೇ. ಆದರೂ ಹತ್ತೊಂಬತ್ತನೆಯ ಶತಮಾನದ ಒಂದು ಹಿತ್ತಾಳೆಯ ದಿಕ್ಸೂಚಿಯನ್ನೂ 1950ರ ದಶಕದ ಒಂದು ಸೇನಾ ದಿಕ್ಸೂಚಿಯನ್ನೂ ಪಕ್ಕಪಕ್ಕದಲ್ಲಿಟ್ಟರೆ ಅವೆರಡೂ ಒಂದೇ ಜಾತಿಯ ಉಪಕರಣಗಳೆಂದು ಒಪ್ಪಿಕೊಳ್ಳುವುದು ಕಷ್ಟ. ಹಾಗಾದರೆ ನಡುವೆ ಬದಲಾದದ್ದು ಏನು?

ಹಲವು ವರ್ಷಗಳಿಂದ ಕೂಡಿಹಾಕಿಕೊಂಡ ಆರೇಳು ಹಳೆಯ ಕೈದಿಕ್ಸೂಚಿಗಳನ್ನು ಒಂದೇ ಮೇಜಿನ ಮೇಲೆ, ಒಂದಕ್ಕೊಂದು ತಾಗದಂತೆ ದೂರದೂರದಲ್ಲಿಟ್ಟು ಮತ್ತೆ ಮತ್ತೆ ಕೈಗೆತ್ತಿಕೊಂಡು ನೋಡಿದಾಗ ನನಗೆ ಹೊಳೆದ ಉತ್ತರ ಇಷ್ಟು: ಬದಲಾದದ್ದೆಲ್ಲ ಅದನ್ನು ಹಿಡಿಯುವ ಕೈಗಾಗಿ, ಓದುವ ಕಣ್ಣಿಗಾಗಿ. ಹಡಗಿನ ದಿಕ್ಸೂಚಿಗೆ ಕಂಬವಿದೆ, ಪೆಟ್ಟಿಗೆಯಿದೆ, ಎಷ್ಟು ಹೊಯ್ದಾಡಿದರೂ ಅದನ್ನು ಮಟ್ಟವಾಗಿ ಇಡುವ ಬಳೆಗಳಿವೆ. ಕೈದಿಕ್ಸೂಚಿಗೆ ಇರುವುದು ನಡುಗುವ ಅಂಗೈ ಮಾತ್ರ. ಸೂಜಿ ಬೇಗ ನಿಲ್ಲಬೇಕು, ನಿಂತಾಗ ಗುರಿಯನ್ನೂ ಅಂಕಿಯನ್ನೂ ಒಟ್ಟಿಗೆ ನೋಡುವಂತಿರಬೇಕು, ಕತ್ತಲಲ್ಲೂ ಕಾಣಬೇಕು, ನಕ್ಷೆಯ ಮೇಲೆ ಇಟ್ಟರೆ ಉಪಯೋಗಕ್ಕೆ ಬರಬೇಕು. ಈ ವಿಮರ್ಶೆಯಲ್ಲಿ ಪ್ರತಿಯೊಂದು ಬಗೆಯನ್ನೂ ನಾನು ಈ ನಾಲ್ಕು ಮಾತುಗಳಿಂದಲೇ ಅಳೆದಿದ್ದೇನೆ. ಅಂದಚೆಂದಕ್ಕೆ ಬೇರೆ ಅಂಕವಿಲ್ಲ. ಆದರೆ ಅದು ನನ್ನ ಮೇಲೆ ಪ್ರಭಾವ ಬೀರಿಲ್ಲ ಎಂದು ಹೇಳಿದರೆ ಸುಳ್ಳಾದೀತು.

ಮೊದಲು ಜೇಬುಗಡಿಯಾರದ ರೂಪದ ದಿಕ್ಸೂಚಿ. ಹತ್ತೊಂಬತ್ತನೆಯ ಶತಮಾನದಲ್ಲಿ ಇವು ಹೇರಳವಾಗಿ ತಯಾರಾದವು. ಹಿತ್ತಾಳೆಯ ಅಥವಾ ಬೆಳ್ಳಿಯ ದುಂಡು ಕವಚ, ಮೇಲೊಂದು ಮುಚ್ಚಳ, ಪಕ್ಕದಲ್ಲಿ ಸರಪಳಿ ಕಟ್ಟಲು ಬಳೆ, ಒಳಗೆ ಬಿಳಿ ಎನಾಮಲ್ ಅಥವಾ ಕಾಗದದ ಡಯಲ್, ಅದರ ಮೇಲೆ ನೀಲಿಗಟ್ಟುವಂತೆ ಕಾಯಿಸಿದ ಉಕ್ಕಿನ ಸೂಜಿ. ನೋಡಲು ಇದಕ್ಕಿಂತ ಸುಂದರವಾದ ದಿಕ್ಸೂಚಿ ಇನ್ನೊಂದಿಲ್ಲ. ಇದರ ಜಾಣತನವಿರುವುದು ಮಾತ್ರ ಕಣ್ಣಿಗೆ ಕಾಣದ ಜಾಗದಲ್ಲಿ. ಸೂಜಿಯ ನಡುವೆ ಪುಟ್ಟ ಟೋಪಿಯಂತೆ ಒಂದು ಅಗೇಟ್ ಅಥವಾ ಮಾಣಿಕ್ಯದ ಕಲ್ಲನ್ನು ಕೂರಿಸಿರುತ್ತಾರೆ. ಆ ಕಲ್ಲಿನ ಒಳಗುಳಿ ಚೂಪಾದ ಉಕ್ಕಿನ ಮೊನೆಯ ಮೇಲೆ ಕುಳಿತಿರುತ್ತದೆ. ಇಡೀ ಉಪಕರಣದ ನಿಖರತೆ ಆ ಒಂದು ಚುಕ್ಕೆಯಷ್ಟು ಜಾಗವನ್ನು ನಂಬಿಕೊಂಡಿದೆ. ಜೇಬಿನಲ್ಲಿ ಕುಲುಕಾಡುವಾಗ ಸೂಜಿ ಮೊನೆಯ ಮೇಲೆ ಕುಣಿದರೆ ಮೊನೆ ಮೊಂಡಾಗುತ್ತದೆ, ಕಲ್ಲು ಬಿರುಕು ಬಿಡುತ್ತದೆ. ಅದಕ್ಕಾಗಿ ಮುಚ್ಚಳ ಹಾಕಿದ ಕೂಡಲೇ ಅಂಚಿನಲ್ಲಿರುವ ಒಂದು ಪುಟ್ಟ ಗುಂಡಿ ಒತ್ತಲ್ಪಟ್ಟು, ಒಳಗಿನ ಸನ್ನೆ ಸೂಜಿಯನ್ನು ಮೊನೆಯಿಂದ ಎತ್ತಿ ಗಾಜಿಗೆ ಒತ್ತಿಹಿಡಿಯುವಂತೆ ಮಾಡಿರುತ್ತಾರೆ. ಮುಚ್ಚಳ ತೆರೆದರೆ ಸೂಜಿ ಮೆಲ್ಲನೆ ಇಳಿದು ತನ್ನ ಜಾಗದಲ್ಲಿ ಕೂರುತ್ತದೆ. ನನ್ನಲ್ಲಿರುವ ಒಂದರಲ್ಲಿ ಈ ಸನ್ನೆ ಇಂದಿಗೂ ಸದ್ದಿಲ್ಲದೆ ಕೆಲಸ ಮಾಡುತ್ತದೆ, ಮತ್ತು ಆ ಕಾರಣಕ್ಕೇ ಅದರ ಮೊನೆ ಇನ್ನೂ ಚೂಪಾಗಿದೆ.

ಬಳಕೆಯಲ್ಲಿ ಮಾತ್ರ ಇದು ತಾಳ್ಮೆಯನ್ನು ಪರೀಕ್ಷಿಸುತ್ತದೆ. ಗಾಳಿಯಲ್ಲಿ ತಿರುಗುವ ಸೂಜಿಯನ್ನು ತಡೆಯುವಂಥದ್ದು ಏನೂ ಇಲ್ಲದ ಕಾರಣ ಅದು ಉತ್ತರವನ್ನು ದಾಟಿ ಹೋಗುತ್ತದೆ, ಹಿಂದಿರುಗುತ್ತದೆ, ಮತ್ತೆ ದಾಟುತ್ತದೆ. ನಿಧಾನವಾಗಿ ಮೂವತ್ತರವರೆಗೆ ಎಣಿಸಿದರೂ ನನ್ನ ಕೈಯಲ್ಲಿ ಅದು ಪೂರ್ತಿ ನಿಂತದ್ದು ಅಪರೂಪ. ಮೇಲಾಗಿ ಗುರಿ ಹಿಡಿಯಲು ಇದರಲ್ಲಿ ಯಾವ ವ್ಯವಸ್ಥೆಯೂ ಇಲ್ಲ. ದೂರದ ಬೆಟ್ಟದ ತುದಿ ಎಷ್ಟು ಡಿಗ್ರಿಯಲ್ಲಿದೆ ಎಂದು ಕೇಳಿದರೆ, ಇದು ಹತ್ತು ಡಿಗ್ರಿ ಆಚೀಚೆ ಇರುವ ಉತ್ತರವನ್ನು ಬಹಳ ಗಂಭೀರವಾದ ಮುಖಮಾಡಿಕೊಂಡು ಕೊಡುತ್ತದೆ. ದಾರಿಯಲ್ಲಿ ಹೋಗುವವನಿಗೆ ಸುಮಾರಾಗಿ ಉತ್ತರ ಯಾವ ಕಡೆ ಎಂದು ತಿಳಿಯಲು ಸಾಕು, ಅಳತೆಗೆ ಸಾಲದು.

ಅಳತೆಗೆ ಯೋಗ್ಯವಾದ ಕೈದಿಕ್ಸೂಚಿಯ ಚರಿತ್ರೆ ಆರಂಭವಾಗುವುದು 1812ರಲ್ಲಿ ಲಂಡನ್ನಿನ ಚಾರ್ಲ್ಸ್ ಶ್ಮಾಲ್ಕಾಲ್ಡರ್ ಪೇಟೆಂಟ್ ಪಡೆದ ಪ್ರಿಸಂ ದಿಕ್ಸೂಚಿಯಿಂದ. ಈ ವಿಮರ್ಶೆಯಲ್ಲಿ ನಾನು ಹೆಚ್ಚು ಹೊತ್ತು ನಿಲ್ಲಬೇಕೆಂದಿರುವುದೂ ಇಲ್ಲಿಯೇ, ಏಕೆಂದರೆ ಕೈದಿಕ್ಸೂಚಿಯ ವಿನ್ಯಾಸದಲ್ಲಿ ಇಷ್ಟು ಸರಳವಾದ, ಇಷ್ಟು ದೂರ ಬಾಳಿದ ಇನ್ನೊಂದು ಯೋಚನೆಯನ್ನು ನಾನು ಕಂಡಿಲ್ಲ. ಸಮಸ್ಯೆ ಇದು: ಗುರಿಯನ್ನು ನೋಡಬೇಕಾದರೆ ಕಣ್ಣು ಮುಂದಕ್ಕೆ ನೋಡಬೇಕು, ಅಂಕಿಯನ್ನು ಓದಬೇಕಾದರೆ ಕಣ್ಣು ಕೆಳಕ್ಕೆ ನೋಡಬೇಕು. ಎರಡರ ನಡುವೆ ಕಣ್ಣು ಹೊರಳುವಷ್ಟರಲ್ಲಿ ಕೈ ಅಲುಗಿರುತ್ತದೆ. ಶ್ಮಾಲ್ಕಾಲ್ಡರನ ಉಪಕರಣದಲ್ಲಿ ಕಣ್ಣಿನ ಬಳಿ ಒಂದು ಸಣ್ಣ ಪ್ರಿಸಂ ಇದೆ. ಅದರ ಮೇಲಂಚಿನ ಸೀಳಿನಿಂದ ಗುರಿ ಕಾಣುತ್ತದೆ. ಅದೇ ಕ್ಷಣದಲ್ಲಿ ಪ್ರಿಸಂನ ಒಳಗೆ, ಕೆಳಗಿರುವ ಡಯಲ್ಲಿನ ಅಂಕಿ ದೊಡ್ಡದಾಗಿ, ಎದ್ದು ನಿಂತಂತೆ ಕಾಣುತ್ತದೆ. ಸೂಜಿಯ ಬದಲು ಇಲ್ಲಿ ತಿರುಗುವುದು ಡಯಲ್ಲೇ. ಸೂಜಿ ಅದರ ಬೆನ್ನಿಗೆ ಅಂಟಿಕೊಂಡಿರುತ್ತದೆ.

ಮೊದಲ ಬಾರಿಗೆ ಈ ಡಯಲ್ಲನ್ನು ಬರಿಗಣ್ಣಿನಿಂದ ನೋಡಿದಾಗ ಅಚ್ಚು ಹಾಕಿದವನು ತಪ್ಪು ಮಾಡಿದ್ದಾನೇನೋ ಎನ್ನಿಸುವುದು ಸಹಜ. ಅಂಕಿಗಳೆಲ್ಲ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿವೆ. ಅಲ್ಲದೆ ಉತ್ತರದ ಬಳಿ ಇರಬೇಕಾದ ಸೊನ್ನೆ ದಕ್ಷಿಣದ ಬಳಿ ಇದೆ. ಎರಡಕ್ಕೂ ಕಾರಣವಿದೆ. ಪ್ರಿಸಂ ಬಿಂಬವನ್ನು ತಿರುಗಿಸುವುದರಿಂದ ತಿರುಗುಮುರುಗಾದ ಅಂಕಿಯೇ ಅದರೊಳಗೆ ನೆಟ್ಟಗೆ ಕಾಣುತ್ತದೆ. ಇನ್ನು, ಉತ್ತರಕ್ಕೆ ಮುಖಮಾಡಿ ನಿಂತವನ ಕಣ್ಣಿನ ಹತ್ತಿರ ಇರುವುದು ಡಯಲ್ಲಿನ ದಕ್ಷಿಣದ ಅಂಚು. ಪ್ರಿಸಂ ಓದುವುದು ಆ ಅಂಚನ್ನೇ. ಆದ್ದರಿಂದ ಅಲ್ಲಿ ಸೊನ್ನೆ ಇದ್ದರೆ ಮಾತ್ರ ಓದಿದ ಅಂಕಿ ನೋಡುತ್ತಿರುವ ದಿಕ್ಕಿನದಾಗುತ್ತದೆ. ಹೀಗೆ ಬಳಸುವವನು ಮನಸ್ಸಿನಲ್ಲಿ ಮಾಡಬೇಕಾಗಿದ್ದ ಕೂಡಿಕೆ ಕಳೆಯುವಿಕೆಯನ್ನೆಲ್ಲ ಡಯಲ್ಲನ್ನು ಅಚ್ಚು ಹಾಕುವಾಗಲೇ ಮಾಡಿ ಮುಗಿಸಿದ್ದಾರೆ.

ಈ ವಂಶದಲ್ಲಿ ನನ್ನ ಬಳಿ ಇರುವುದು ಮೊದಲನೆಯ ಮಹಾಯುದ್ಧದ ಕಾಲದ ವರ್ನರ್ ಮಾದರಿಯ ಎಂಟನೆಯ ಅವತರಣಿಕೆ. ಕವಚದ ಮೇಲೆ 1917 ಎಂಬ ಇಸವಿಯೂ ಬ್ರಿಟಿಷ್ ಸರ್ಕಾರದ ಸ್ವತ್ತನ್ನು ಸೂಚಿಸುವ ಬಾಣದ ಗುರುತೂ ಇದೆ. ವಿಲ್ಲೋಬಿ ವರ್ನರ್ ಬ್ರಿಟಿಷ್ ಸೇನಾಧಿಕಾರಿ. ಸ್ಯಾಂಡ್‌ಹರ್ಸ್ಟಿನ ಸೇನಾ ಕಾಲೇಜಿನಲ್ಲಿ ಸ್ಥಳವಿವರಣೆಯನ್ನು, ಅಂದರೆ ನೆಲದ ಏರಿಳಿತಗಳನ್ನು ಗುರುತಿಸಿ ನಕ್ಷೆಗಿಳಿಸುವ ವಿದ್ಯೆಯನ್ನು ಬೋಧಿಸಿದವನು, ಜೊತೆಗೆ ಪಕ್ಷಿವೀಕ್ಷಕ. ಬಯಲಿನಲ್ಲಿ ಹೆಚ್ಚು ಕಾಲ ಕಳೆದವನ ಕೈ ಈ ವಿನ್ಯಾಸದಲ್ಲಿ ಎದ್ದು ಕಾಣುತ್ತದೆ. ಮುಚ್ಚಳದಲ್ಲಿ ಒಂದು ಗಾಜಿನ ಕಿಂಡಿ, ಅದರ ನಡುವೆ ಕೂದಲೆಳೆಯ ಗೆರೆ. ಮುಚ್ಚಳವನ್ನು ಎತ್ತಿ ನಿಲ್ಲಿಸಿದರೆ ಆ ಗೆರೆಯೇ ಗುರಿ ಹಿಡಿಯುವ ಎಳೆಯಾಗುತ್ತದೆ. ಈ ಕಡೆ ಮಡಚುವ ಪ್ರಿಸಂ. ಕೆಳಗೆ ಹೆಬ್ಬೆರಳು ತೂರಿಸಲು ಬಳೆ. ಎಲ್ಲಕ್ಕಿಂತ ಮುಖ್ಯವಾಗಿ, ಕವಚದ ಅಂಚಿನಲ್ಲಿ ಒಂದು ಪುಟ್ಟ ಗುಂಡಿ: ಅದನ್ನು ಬೆರಳಿನಿಂದ ಹಗುರವಾಗಿ ತಟ್ಟಿದರೆ ಒಳಗಿನ ಸ್ಪ್ರಿಂಗ್ ತಿರುಗುತ್ತಿರುವ ಡಯಲ್ಲನ್ನು ಒಂದು ಕ್ಷಣ ಮುಟ್ಟಿ ಬಿಡುತ್ತದೆ. ಎರಡು ಮೂರು ಬಾರಿ ತಟ್ಟಿದರೆ ಹೊಯ್ದಾಟ ಅಡಗುತ್ತದೆ. ಇದು ಬ್ರೇಕು ಹಾಕುವ ಕಲೆ. ಸರಿಯಾದ ಗಳಿಗೆಯಲ್ಲಿ, ಅಂದರೆ ಡಯಲ್ ತನ್ನ ತೂಗಾಟದ ನಡುಮಧ್ಯದಲ್ಲಿರುವಾಗ ತಟ್ಟಬೇಕು. ಮೊದಲ ದಿನ ನಾನು ತಟ್ಟಿದಷ್ಟೂ ಅದು ಹೆಚ್ಚು ತಿರುಗುತ್ತಿತ್ತು. ಒಂದು ವಾರದ ಅಭ್ಯಾಸದ ನಂತರ ಬೆರಳಿಗೆ ಲಯ ಸಿಕ್ಕಿತು. ಈಗ ಒಂದೇ ಗುರಿಗೆ ಐದು ಬಾರಿ ಅಳತೆ ತೆಗೆದರೆ ಐದೂ ಒಂದು ಡಿಗ್ರಿಯೊಳಗೆ ಬರುತ್ತವೆ. ನೂರು ವರ್ಷ ದಾಟಿದ ಉಪಕರಣದಿಂದ ಇದಕ್ಕಿಂತ ಹೆಚ್ಚಿನದನ್ನು ಕೇಳುವುದು ನ್ಯಾಯವಲ್ಲ.

ಕತ್ತಲಿನ ವಿಷಯಕ್ಕೆ ಬಂದರೆ, ವರ್ನರನಿಗಿಂತ ಮೊದಲೇ ಒಂದು ಸೊಗಸಾದ ಉಪಾಯ ಬಂದಿತ್ತು. 1861ರಲ್ಲಿ ಸಿಂಗರ್ ಎಂಬಾತ (ಹೊಲಿಗೆ ಯಂತ್ರದ ಸಿಂಗರ್ ಅಲ್ಲ, ಬೇರೆಯವನು) ಪೇಟೆಂಟ್ ಪಡೆದ ಡಯಲ್ಲಿನಲ್ಲಿ ಅರ್ಧಭಾಗ ಕಪ್ಪು, ಇನ್ನರ್ಧ ಮುತ್ತಿನ ಚಿಪ್ಪಿನ ಬಿಳುಪು. ಬೆಳದಿಂಗಳಲ್ಲಿಯೋ ಮುಸ್ಸಂಜೆಯಲ್ಲಿಯೋ ಅಂಕಿ ಕಾಣದಿದ್ದರೂ ಕಪ್ಪು ಎತ್ತ ಕಡೆಗೆ ಇದೆ, ಬಿಳುಪು ಎತ್ತ ಕಡೆಗೆ ಇದೆ ಎಂಬುದು ತಿಳಿಯುತ್ತದೆ. ಲಂಡನ್ನಿನ ಫ್ರಾನ್ಸಿಸ್ ಬಾರ್ಕರ್ ಸಂಸ್ಥೆ ತಯಾರಿಸಿದ ಇಂಥ ಡಯಲ್ಲುಗಳು ಇಂದು ಸಂಗ್ರಾಹಕರ ಅಚ್ಚುಮೆಚ್ಚು. ಹೆಚ್ಚುವರಿ ಯಂತ್ರವಿಲ್ಲ, ರಾಸಾಯನಿಕವಿಲ್ಲ, ಹಳಸುವಂಥದ್ದು ಏನೂ ಇಲ್ಲ. ಆಮೇಲೆ ಬಂದ ರೇಡಿಯಂ ಬಣ್ಣ ಇದಕ್ಕಿಂತ ಚೆನ್ನಾಗಿ ಹೊಳೆಯಿತು ನಿಜ; ಆದರೆ ವಿನ್ಯಾಸವಾಗಿ ನನಗೆ ಇಷ್ಟವಾಗುವುದು ಸಿಂಗರನ ಡಯಲ್ಲೇ.

ರೇಡಿಯಂ ಬಗ್ಗೆ ಒಂದು ಮಾತನ್ನು ಒತ್ತಿ ಹೇಳಬೇಕು, ಏಕೆಂದರೆ ಹಳೆಯ ದಿಕ್ಸೂಚಿ ಕೊಳ್ಳುವವರಲ್ಲಿ ಅನೇಕರು ಇದನ್ನು ತಪ್ಪಾಗಿ ತಿಳಿದಿರುತ್ತಾರೆ. ಎರಡು ಮಹಾಯುದ್ಧಗಳ ಕಾಲದ ಸೇನಾ ದಿಕ್ಸೂಚಿಗಳಲ್ಲಿ ಉತ್ತರದ ಗುರುತಿಗೂ ಮುಚ್ಚಳದ ಚುಕ್ಕೆಗಳಿಗೂ ವಿಕಿರಣ ಸೂಸುವ ಲೋಹವಾದ ರೇಡಿಯಂ ಬೆರೆಸಿದ ಬಣ್ಣ ಬಳಿಯುತ್ತಿದ್ದರು. ಈಗ ಅವು ಕತ್ತಲಲ್ಲಿ ಹೊಳೆಯುವುದಿಲ್ಲ. ಹೊಳೆಯದ ಮೇಲೆ ರೇಡಿಯಂ ಮುಗಿದುಹೋಗಿರಬೇಕು ಎಂಬುದು ಸಾಮಾನ್ಯ ನಂಬಿಕೆ. ವಾಸ್ತವದಲ್ಲಿ ಸತ್ತಿರುವುದು ಬೆಳಕು ಕೊಡುತ್ತಿದ್ದ ಸತುವಿನ ಸಲ್ಫೈಡ್ ಮಾತ್ರ. ವಿಕಿರಣದ ಹೊಡೆತಕ್ಕೆ ಅದು ಕೆಲವೇ ದಶಕಗಳಲ್ಲಿ ಸೊರಗುತ್ತದೆ. ರೇಡಿಯಂನ ಅರ್ಧಾಯುಷ್ಯ, ಅಂದರೆ ಇದ್ದದ್ದು ಅರ್ಧಕ್ಕೆ ಇಳಿಯಲು ಬೇಕಾಗುವ ಕಾಲ, ಸುಮಾರು 1600 ವರ್ಷ. ಅಂದರೆ 1917ರಲ್ಲಿ ಬಳಿದ ರೇಡಿಯಂನ ಬಹುಪಾಲು ಇನ್ನೂ ಹಾಗೆಯೇ ಇದೆ. ಗಾಜು ಭದ್ರವಾಗಿರುವವರೆಗೆ ಅದನ್ನು ಆಗೊಮ್ಮೆ ಈಗೊಮ್ಮೆ ಕೈಗೆತ್ತಿಕೊಳ್ಳುವುದರಿಂದ ನಾನು ಹೆದರುವುದಿಲ್ಲ. ಆದರೆ ಒಡೆದ ಗಾಜಿನ, ಕಂದು ಪುಡಿ ಉದುರುತ್ತಿರುವ ದಿಕ್ಸೂಚಿಯನ್ನು ಕೊಳ್ಳಬಾರದು. ಕವಚ ಬಿಚ್ಚಿ ಬಣ್ಣ ಕೆರೆಯಬಾರದು. ಮಲಗುವ ಕೋಣೆಯ ಮುಚ್ಚಿದ ಕಪಾಟಿನಲ್ಲಿ ಇಂಥವನ್ನು ಗುಂಪಾಗಿ ಇಡಬಾರದು, ಏಕೆಂದರೆ ರೇಡಿಯಂನಿಂದ ವಿಕಿರಣ ಸೂಸುವ ರೇಡಾನ್ ಅನಿಲ ಹೊರಡುತ್ತಿರುತ್ತದೆ. ಆಮೇಲಿನ ಸೇನಾ ದಿಕ್ಸೂಚಿಗಳಲ್ಲಿ ಜಲಜನಕದ ವಿಕಿರಣಶೀಲ ರೂಪವಾದ ಟ್ರಿಟಿಯಂ ಅನಿಲ ತುಂಬಿದ ಪುಟ್ಟ ಗಾಜಿನ ಕೊಳವೆಗಳು ಬಂದವು. ಅದರ ಅರ್ಧಾಯುಷ್ಯ 12.3 ವರ್ಷ ಮಾತ್ರವಾದ್ದರಿಂದ ಇಪ್ಪತ್ತೈದು ವರ್ಷದ ಹಳೆಯ ಟ್ರಿಟಿಯಂ ದಿಕ್ಸೂಚಿ ತನ್ನ ಮೊದಲಿನ ಬೆಳಕಿನ ಕಾಲುಭಾಗವನ್ನಷ್ಟೇ ಉಳಿಸಿಕೊಂಡಿರುತ್ತದೆ.

ಇನ್ನು ಬ್ರಂಟನ್. ಅಮೆರಿಕದ ಕೊಲರಾಡೊದಲ್ಲಿ ಕೆಲಸ ಮಾಡುತ್ತಿದ್ದ ಗಣಿ ಎಂಜಿನಿಯರ್ ಡೇವಿಡ್ ಬ್ರಂಟನ್ 1894ರಲ್ಲಿ ಪೇಟೆಂಟ್ ಪಡೆದ ಈ ಜೇಬು ಉಪಕರಣವನ್ನು ಡೆನ್ವರಿನ ವಿಲಿಯಂ ಐನ್ಸ್‌ವರ್ತ್ ಸಂಸ್ಥೆ ದಶಕಗಳ ಕಾಲ ತಯಾರಿಸಿತು. ಭೂವಿಜ್ಞಾನಿಗಳ ಸೊಂಟದಲ್ಲಿ ಇದು ಇಂದಿಗೂ ಇದೆ. ಮುಚ್ಚಳದ ಒಳಗೆ ಕನ್ನಡಿ, ನಡುವೆ ಮಟ್ಟ ನೋಡುವ ಗುಳ್ಳೆ, ಇಳಿಜಾರು ಅಳೆಯುವ ಮಾಪಕ: ಬಂಡೆಯ ಪದರ ಯಾವ ದಿಕ್ಕಿಗೆ ಹರಿದಿದೆ, ಎಷ್ಟು ವಾಲಿದೆ ಎಂಬ ಎರಡನ್ನೂ ಒಂದೇ ಪೆಟ್ಟಿಗೆ ಹೇಳುತ್ತದೆ. ಇದರ ಡಯಲ್ಲಿನಲ್ಲಿ ಪೂರ್ವ ಪಶ್ಚಿಮಗಳು ಅದಲುಬದಲಾಗಿವೆ. ಎಡಕ್ಕೆ ಪೂರ್ವ, ಬಲಕ್ಕೆ ಪಶ್ಚಿಮ. ಇಲ್ಲಿ ಡಯಲ್ ಕವಚಕ್ಕೆ ಅಂಟಿಕೊಂಡಿರುವುದರಿಂದ ನಾವು ಬಲಕ್ಕೆ ನಲವತ್ತು ಡಿಗ್ರಿ ತಿರುಗಿದರೆ ಡಯಲ್ಲೂ ತಿರುಗುತ್ತದೆ, ಸೂಜಿ ಮಾತ್ರ ಉತ್ತರಕ್ಕೇ ನಿಂತಿರುತ್ತದೆ. ಹೀಗಾಗಿ ಸೂಜಿ ಡಯಲ್ಲಿನ ಎಡಕ್ಕೆ ನಲವತ್ತು ಡಿಗ್ರಿ ಸರಿದಂತೆ ಕಾಣುತ್ತದೆ. ಅಲ್ಲಿ ಪೂರ್ವ ಎಂದು ಬರೆದಿದ್ದರೆ ಓದಿದ್ದೇ ಸರಿಯುತ್ತರ. ಪ್ರಿಸಂ ದಿಕ್ಸೂಚಿಯ ತಿರುಗುಮುರುಗು ಅಂಕಿಗಳ ಹಿಂದಿರುವ ವಿವೇಕವೇ ಇಲ್ಲಿ ಇನ್ನೊಂದು ರೂಪದಲ್ಲಿದೆ. ಆದರೆ ಬ್ರಂಟನ್ ಎಲ್ಲರ ದಿಕ್ಸೂಚಿಯಲ್ಲ. ಭಾರ ಹೆಚ್ಚು, ಕಲಿಯಬೇಕಾದದ್ದೂ ಹೆಚ್ಚು. ಬಂಡೆಗಳ ಜೊತೆ ವ್ಯವಹಾರವಿಲ್ಲದವನು ಇದನ್ನು ಕೊಂಡರೆ ಅದರ ಕನ್ನಡಿ ತಲೆ ಬಾಚಿಕೊಳ್ಳಲಷ್ಟೇ ಉಪಯೋಗವಾದೀತು.

ಸೂಜಿಯನ್ನು ನಿಲ್ಲಿಸುವ ಪ್ರಶ್ನೆಗೆ ನಿಜವಾದ ಪರಿಹಾರ ಎರಡು ದಾರಿಗಳಿಂದ ಬಂತು. ಒಂದು ದ್ರವ. ದಿಕ್ಸೂಚಿಯ ಪಾತ್ರೆಗೆ ದ್ರವ ತುಂಬುವ ಪೇಟೆಂಟನ್ನು ಫ್ರಾನ್ಸಿಸ್ ಕ್ರೋ 1813ರಲ್ಲೇ ಪಡೆದಿದ್ದ. ಅಮೆರಿಕದ ಎಡ್ವರ್ಡ್ ರಿಚಿ 1860ರ ದಶಕದಲ್ಲಿ ಅದನ್ನು ಹಡಗುಗಳಿಗೆ ಒಗ್ಗಿಸಿದ. ಅಂಗೈಯಷ್ಟು ಗಾತ್ರಕ್ಕೆ ಇಳಿಸುವುದು ಮಾತ್ರ ಬಹಳ ಕಾಲ ಕಷ್ಟವಾಗಿಯೇ ಉಳಿಯಿತು. ದ್ರವದ ಎಳೆತವನ್ನು ಮೀರಿ ತಿರುಗಲು ಪುಟ್ಟ ಸೂಜಿಗೆ ಬಲವಾದ ಕಾಂತತ್ವ ಬೇಕು. ಹಳೆಯ ಇಂಗಾಲದ ಉಕ್ಕಿಗೆ ಅದು ಇರಲಿಲ್ಲ. ಜಪಾನಿನಲ್ಲಿ ಹೋಂಡಾ ಕೊತಾರೊ 1917ರಲ್ಲಿ ರೂಪಿಸಿದ ಕೋಬಾಲ್ಟ್ ಉಕ್ಕು, 1931ರಲ್ಲಿ ಮಿಶಿಮಾ ತೊಕುಶಿಚಿ ಕಂಡುಹಿಡಿದ ಅಲ್ಯುಮಿನಿಯಂ ನಿಕಲ್ ಬೆರೆತ ಉಕ್ಕು, ಇಂಥವು ಬಂದ ಮೇಲೆ ಗಿಡ್ಡನೆಯ ಅಯಸ್ಕಾಂತಗಳೂ ತಮ್ಮ ಬಲವನ್ನು ಉಳಿಸಿಕೊಳ್ಳುವಂತಾಯಿತು. ಅದೇ ಕಾಲಕ್ಕೆ ಫಿನ್ಲೆಂಡಿನ ತುವೊಮಸ್ ವೊಹ್ಲೊನೆನ್ 1936ರಲ್ಲಿ ಸೂಂಟೊ ಸಂಸ್ಥೆಯನ್ನು ಕಟ್ಟಿ, ದ್ರವ ತುಂಬಿ ಮುಚ್ಚಿದ ಹಗುರವಾದ ಕೋಶದ ದಿಕ್ಸೂಚಿಯನ್ನು ಹೊರತಂದ. ಮಣಿಕಟ್ಟಿಗೆ ಕಟ್ಟಿಕೊಂಡು ಓಡುತ್ತಲೇ ಓದಬಹುದಾದ ದಿಕ್ಸೂಚಿ ಅದು.

ಎರಡನೆಯ ಮಹಾಯುದ್ಧದ ಮಾರ್ಕ್ ಮೂರು ಎಂಬ ಮಾದರಿಯ ಬ್ರಿಟಿಷ್ ಸೇನಾ ದಿಕ್ಸೂಚಿಯಲ್ಲಿ ಈ ದ್ರವವೂ ಹಳೆಯ ಪ್ರಿಸಂ ಕೂಡ ಒಂದಾದವು. ನನ್ನ ಅಭಿಪ್ರಾಯದಲ್ಲಿ ಕೈದಿಕ್ಸೂಚಿಯಲ್ಲಿ ಅಳತೆಯ ನಿಖರತೆ ತುದಿ ಮುಟ್ಟಿದ್ದು ಇದರಲ್ಲಿ. ಕಪ್ಪು ಬಣ್ಣ ಬಳಿದ ದಪ್ಪ ಹಿತ್ತಾಳೆಯ ಕವಚ. ಕೈಯಲ್ಲಿಟ್ಟರೆ ಅದರ ಭಾರವೇ ಕೈಯ ನಡುಕವನ್ನು ಅರ್ಧ ಕಡಿಮೆ ಮಾಡುತ್ತದೆ. ಕಣ್ಣಿಗೆ ಹಿಡಿದರೆ ಪ್ರಿಸಂನೊಳಗೆ ಅಂಕಿಗಳು ಎಣ್ಣೆಯಲ್ಲಿ ತೇಲಿದಂತೆ ಸರಿದು ಬಂದು, ಹಿಂದುಮುಂದು ನೋಡದೆ ನಿಲ್ಲುತ್ತವೆ. ವರ್ನರನ ಗುಂಡಿ ತಟ್ಟುವ ಕಸರತ್ತು ಇಲ್ಲಿ ಬೇಕಿಲ್ಲ. ದೋಷವೆಂದರೆ ಗುಳ್ಳೆ. ಎಂಬತ್ತು ವರ್ಷದಲ್ಲಿ ಬಿಗಿತ ಸಡಿಲಾಗಿ ದ್ರವ ಸೋರಿ ಗಾಜಿನ ಕೆಳಗೆ ಗಾಳಿಗುಳ್ಳೆ ಸೇರಿಕೊಂಡಿರುತ್ತದೆ. ಸಾಸಿವೆ ಕಾಳಿನಷ್ಟಿದ್ದರೆ ತೊಂದರೆಯಿಲ್ಲ. ಗುಳ್ಳೆ ದೊಡ್ಡದಾಗಿ ಡಯಲ್ಲಿನ ಅಂಚನ್ನು ಮುಟ್ಟಿದರೆ ಅದು ಡಯಲ್ಲನ್ನು ತನ್ನ ಜೊತೆ ಎಳೆದು ಅಳತೆಯನ್ನು ಕೆಡಿಸುತ್ತದೆ. ನನ್ನದರಲ್ಲಿ ಕಡಲೆಕಾಳಿನಷ್ಟಿದೆ. ಒಳಗೆ ರೇಡಿಯಂ ಇರುವುದರಿಂದ ಬಿಚ್ಚಿ ದ್ರವ ತುಂಬಿಸುವ ಆಸೆಯನ್ನು ಬಿಟ್ಟು, ಗುಳ್ಳೆ ಮಧ್ಯಕ್ಕೆ ಬರುವಂತೆ ಹಿಡಿದು ಅಳೆಯುವುದನ್ನು ರೂಢಿ ಮಾಡಿಕೊಂಡಿದ್ದೇನೆ.

ಎರಡನೆಯ ದಾರಿ ತಾಮ್ರ. ಅಯಸ್ಕಾಂತ ತಾಮ್ರದ ಬಟ್ಟಲಿನೊಳಗೆ ತಿರುಗಿದರೆ ಆ ಲೋಹದಲ್ಲಿ ಸುಳಿಯಂತಹ ವಿದ್ಯುತ್ಪ್ರವಾಹ ಹುಟ್ಟುತ್ತದೆ. ಆ ಪ್ರವಾಹದ ಕಾಂತಕ್ಷೇತ್ರ ತಿರುಗುವಿಕೆಯನ್ನೇ ವಿರೋಧಿಸುತ್ತದೆ. ಸೂಜಿ ಚಲಿಸುತ್ತಿರುವಾಗ ಮಾತ್ರ ತಡೆ, ನಿಂತ ಮೇಲೆ ತಡೆಯಿಲ್ಲ. ಹೀಗಾಗಿ ನಿಖರತೆಗೆ ಧಕ್ಕೆಯಿಲ್ಲ. ಸೋರಲು ದ್ರವವಿಲ್ಲ, ಚಳಿಗೆ ಹೆಪ್ಪುಗಟ್ಟುವ ಭಯವಿಲ್ಲ, ಎತ್ತರದಲ್ಲಿ ಗುಳ್ಳೆ ಬೀಳುವುದಿಲ್ಲ. ಅಮೆರಿಕದ ಸೇನೆಯ 1950ರ ಮಾದರಿಯ ಲೆನ್ಸ್ ದಿಕ್ಸೂಚಿ ಈ ತತ್ವದ ಮೇಲೆ ನಿಂತಿದೆ. ಪ್ರಿಸಂನ ಬದಲು ಇದರಲ್ಲಿ ಒಂದು ಪುಟ್ಟ ಭೂತಗಾಜು ಇದೆ. ಕಣ್ಣನ್ನು ಗುರಿಯಿಂದ ಅಂಕಿಗೆ ಸ್ವಲ್ಪ ಇಳಿಸಲೇಬೇಕು. ಶ್ಮಾಲ್ಕಾಲ್ಡರನು ಬಗೆಹರಿಸಿದ್ದ ಸಮಸ್ಯೆಯನ್ನು ಇವರು ಅಗ್ಗದ ತಯಾರಿಕೆಗಾಗಿ ಅರ್ಧ ಮರಳಿ ತಂದರೆಂದು ನನ್ನ ಆಕ್ಷೇಪ. ಆದರೆ ಉಳಿದ ವಿವರಗಳನ್ನು ನೋಡಿದರೆ ಮೆಚ್ಚದೆ ಇರಲಾಗದು. ಭೂತಗಾಜಿನ ತೋಳನ್ನು ಮಡಚಿದರೆ ಅದೇ ಡಯಲ್ಲನ್ನು ಎತ್ತಿ ಬೀಗ ಹಾಕುತ್ತದೆ. ಜೇಬುಗಡಿಯಾರದ ಮುಚ್ಚಳದ ಸನ್ನೆ ಇಲ್ಲಿ ಇನ್ನೊಂದು ಜನ್ಮ ಪಡೆದಿದೆ. ಸುತ್ತಲಿನ ಬಳೆಯನ್ನು ತಿರುಗಿಸಿದರೆ ಒಂದು ಸುತ್ತಿಗೆ 120 ಬಾರಿ ಟಿಕ್ಕೆನ್ನುತ್ತದೆ, ಒಂದೊಂದು ಟಿಕ್ಕಿಗೆ ಮೂರು ಡಿಗ್ರಿ. ಅಂದರೆ ಪೂರ್ತಿ ಕತ್ತಲಲ್ಲಿ, ದೀಪ ಹಚ್ಚುವಂತಿಲ್ಲದ ಕಡೆ, ಮೂವತ್ತು ಡಿಗ್ರಿ ಎಡಕ್ಕೆ ತಿರುಗಬೇಕಾದವನು ಹತ್ತು ಟಿಕ್ ಎಣಿಸಿದರೆ ಸಾಕು. ಕಣ್ಣಿನ ಕೆಲಸವನ್ನು ಬೆರಳಿಗೂ ಕಿವಿಗೂ ಹಂಚಿದ ಈ ಬಳೆ ನನಗೆ ಇಡೀ ದಿಕ್ಸೂಚಿಗಿಂತ ಹೆಚ್ಚು ಇಷ್ಟ.

ಇಲ್ಲಿಯವರೆಗೆ ಹೇಳಿದ ಯಾವುದೂ ನಕ್ಷೆಯ ಬಗ್ಗೆ ತಲೆಕೆಡಿಸಿಕೊಂಡಿಲ್ಲ. ಅಳೆದ ಅಂಕಿಯನ್ನು ನಕ್ಷೆಗೆ ಇಳಿಸಲು ಕೋನಮಾಪಕ ಬೇರೆ ಬೇಕು. ಆಸ್ಟ್ರಿಯಾದ ಸೇನಾಧಿಕಾರಿ ಬೆಜಾರ್ಡ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ತಿರುಗುವ ಡಯಲ್ಲು, ಕನ್ನಡಿಯ ಮುಚ್ಚಳ, ನಕ್ಷೆಯ ಮೇಲಿಡುವ ನೇರ ಅಂಚು ಮೂರನ್ನೂ ಒಂದೇ ಕವಚಕ್ಕೆ ತಂದಿದ್ದ. ಅದನ್ನು ಎಲ್ಲರ ಕೈಗೆಟುಕುವಷ್ಟು ಸರಳಗೊಳಿಸಿದವರು 1933ರಲ್ಲಿ ಸಿಲ್ವಾ ಸಂಸ್ಥೆ ಸ್ಥಾಪಿಸಿದ ಸ್ವೀಡನ್ನಿನ ಕ್ಯೆಲ್‌ಸ್ಟ್ರೋಮ್ ಸಹೋದರರು ಮತ್ತು ಅವರ ಜೊತೆಗಿದ್ದ ಗುನ್ನಾರ್ ಟಿಲ್ಯಾಂಡರ್. ಪಾರದರ್ಶಕ ತಟ್ಟೆಯ ಮೇಲೆ ತಿರುಗುವ ಕೋಶ. ತಟ್ಟೆಯ ಅಂಚನ್ನು ನಕ್ಷೆಯಲ್ಲಿ ಹೊರಡುವ ಜಾಗದಿಂದ ಸೇರುವ ಜಾಗಕ್ಕೆ ಹೊಂದಿಸಿ, ಕೋಶವನ್ನು ನಕ್ಷೆಯ ಉತ್ತರಕ್ಕೆ ತಿರುಗಿಸಿ, ಕೈಯಲ್ಲಿ ಹಿಡಿದು ಸೂಜಿ ತನ್ನ ಗುರುತಿನೊಳಗೆ ಬರುವವರೆಗೆ ನಾವೇ ತಿರುಗಿದರೆ ಮುಗಿಯಿತು. ಬಾಣ ದಾರಿ ತೋರಿಸುತ್ತದೆ. ಗಮನಿಸಿ, ಇಡೀ ಕೆಲಸದಲ್ಲಿ ಒಂದು ಅಂಕಿಯನ್ನೂ ಓದಬೇಕಾಗಿಲ್ಲ. ಹಳೆಯ ವಸ್ತುಗಳ ಮೋಹವಿರುವವರು ಈ ಪ್ಲಾಸ್ಟಿಕ್ ತಟ್ಟೆಯನ್ನು ಮೂಗು ಮುರಿದು ನೋಡುತ್ತಾರೆ; ನಾನೂ ಬಹಳ ಕಾಲ ಹಾಗೆಯೇ ನೋಡಿದ್ದೆ. ಆದರೆ ನಕ್ಷೆ ಹಿಡಿದು ಕಾಡಿನಲ್ಲಿ ನಡೆಯುವಾಗ ನನ್ನ ಅಂಗಿಯ ಜೇಬಿನಲ್ಲಿ ಇರುವುದು ಇದೇ, ವರ್ನರ್ ಅಲ್ಲ. ಇದರ ಶತ್ರು ಮೊಬೈಲ್ ಫೋನ್: ಅದರೊಳಗಿನ ಮತ್ತು ಅದರ ಕವಚದ ಅಯಸ್ಕಾಂತದ ಪಕ್ಕದಲ್ಲಿ ಒಂದೇ ಜೇಬಿನಲ್ಲಿ ಇಟ್ಟರೆ ಸೂಜಿಯ ಧ್ರುವಗಳೇ ಅದಲುಬದಲಾಗಿ ಕೆಂಪು ತುದಿ ದಕ್ಷಿಣಕ್ಕೆ ತಿರುಗಿಬಿಡಬಹುದು.

ಹಳೆಯ ದಿಕ್ಸೂಚಿಗಳಲ್ಲಿ ಇನ್ನೊಂದು ವಿವರವನ್ನು ಹುಡುಕಿ ನೋಡುವುದು ನನ್ನ ಚಾಳಿ. ಕೆಲವು ಡಯಲ್ಲುಗಳಲ್ಲಿ ಉತ್ತರದ ಪಕ್ಕದಲ್ಲಿ ಇನ್ನೊಂದು ಸಣ್ಣ ಬಾಣ ಅಥವಾ ಚುಕ್ಕೆ ಇರುತ್ತದೆ. ಕಾಂತೀಯ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಇರುವ ಅಂತರವನ್ನು ಅದು ಸೂಚಿಸುತ್ತದೆ. ಈ ಅಂತರ ಸ್ಥಿರವಲ್ಲ. ಲಂಡನ್ನಿನಲ್ಲಿ 1580ರ ಸುಮಾರಿಗೆ ಸೂಜಿ ನಿಜವಾದ ಉತ್ತರದಿಂದ 11 ಡಿಗ್ರಿ ಪೂರ್ವಕ್ಕೆ ವಾಲುತ್ತಿತ್ತು. 1820ರ ಹೊತ್ತಿಗೆ 24 ಡಿಗ್ರಿ ಪಶ್ಚಿಮಕ್ಕೆ ಹೋಗಿತ್ತು. 2019ರಲ್ಲಿ ಗ್ರೀನಿಚ್‌ನಲ್ಲಿ ಅಂತರ ಸೊನ್ನೆಗೆ ಬಂತು. ಹಾಗಾಗಿ ತಯಾರಕನ ಹೆಸರಾಗಲಿ ಇಸವಿಯಾಗಲಿ ಇಲ್ಲದ ದಿಕ್ಸೂಚಿಯ ಕಾಲವನ್ನು ಈ ಚುಕ್ಕೆಯಿಂದ ಊಹಿಸಬಹುದು. ಸೂಜಿಯ ವಾಲುವಿಕೆಯೂ ಇಂಥದ್ದೇ ಇನ್ನೊಂದು ಸುಳಿವು: ಉತ್ತರ ಗೋಳಾರ್ಧದಲ್ಲಿ ಸೂಜಿಯ ಉತ್ತರ ತುದಿ ನೆಲದ ಕಡೆಗೆ ಬಾಗುವುದರಿಂದ ಅಲ್ಲಿಗೆಂದು ಮಾಡಿದ ಸೂಜಿಯ ದಕ್ಷಿಣ ತುದಿಗೆ ಸ್ವಲ್ಪ ತೂಕ ಸೇರಿಸಿರುತ್ತಾರೆ. ಅಂಥದ್ದನ್ನು ಸೂಜಿ ಯಾವ ಕಡೆಗೂ ಬಾಗದ ಕಾಂತೀಯ ಸಮಭಾಜಕದ ಹತ್ತಿರ ಬಳಸಿದರೆ ಸೂಜಿಯ ದಕ್ಷಿಣ ತುದಿ ಕೆಳಕ್ಕೆ ಜೋತು ಡಯಲ್ಲಿಗೆ ಉಜ್ಜುತ್ತದೆ. ದಿಕ್ಸೂಚಿ ಕೆಟ್ಟಿದೆ ಎಂದು ಎಸೆಯುವ ಮುನ್ನ ಇದನ್ನು ನೆನಪಿಡಬೇಕು.

ಕೊಳ್ಳುವ ಮನಸ್ಸಿರುವವರು ಕವಚದ ಹೊಳಪಿಗೆ ಮರುಳಾಗದೆ ಒಂದು ಪರೀಕ್ಷೆ ಮಾಡಬೇಕು. ದಿಕ್ಸೂಚಿಯನ್ನು ಮರದ ಮೇಜಿನ ಮೇಲೆ ಇಟ್ಟು, ಸೂಜಿ ನಿಂತ ಮೇಲೆ ಅಂಕಿಯನ್ನು ಬರೆದುಕೊಳ್ಳಿ. ಒಂದು ಮೊಳೆಯನ್ನು ಹತ್ತಿರ ತಂದು ಸೂಜಿಯನ್ನು ಎಡಕ್ಕೆ ಎಳೆದು, ಮೊಳೆಯನ್ನು ದೂರ ಒಯ್ದು, ಅದು ಎಲ್ಲಿ ನಿಲ್ಲುತ್ತದೆ ಎಂದು ನೋಡಿ. ಅನಂತರ ಬಲಕ್ಕೆ ಎಳೆದು ಹಾಗೆಯೇ ಮಾಡಿ. ಮೂರೂ ಬಾರಿ ಒಂದೇ ಅಂಕಿಗೆ ಬಂದರೆ ಮೊನೆಯೂ ಕಲ್ಲೂ ಚೆನ್ನಾಗಿವೆ. ಎಡದಿಂದ ಬಂದಾಗ ಒಂದು ಕಡೆ, ಬಲದಿಂದ ಬಂದಾಗ ಇನ್ನೊಂದು ಕಡೆ ನಿಂತರೆ ಮೊನೆ ಮೊಂಡಾಗಿದೆ ಎಂದರ್ಥ. ಕಾಂತತ್ವ ಸೊರಗಿದ ಸೂಜಿಗೆ ಬೇರೊಂದು ಅಯಸ್ಕಾಂತವನ್ನು ಸವರಿ ಬಲ ತುಂಬಬಹುದು. ಮೊಂಡಾದ ಮೊನೆಗೆ ಮನೆಯಲ್ಲಿ ಮಾಡಬಹುದಾದ ಮದ್ದಿಲ್ಲ.

ನನಗೆ ಈ ಪರೀಕ್ಷೆಯ ಬುದ್ಧಿ ಬಂದದ್ದು ಮೋಸ ಹೋದ ಮೇಲೆ. ಸಂಗ್ರಹ ಆರಂಭಿಸಿದ ದಿನಗಳಲ್ಲಿ ಮಾರಾಟಗಾರನೊಬ್ಬನಿಂದ ಥಳಥಳಿಸುವ ಹಿತ್ತಾಳೆಯ ಪ್ರಿಸಂ ದಿಕ್ಸೂಚಿಯೊಂದನ್ನು ಕೊಂಡೆ. ಮುಚ್ಚಳದ ಮೇಲೆ ಕೆಲ್ವಿನ್ ಅಂಡ್ ಹ್ಯೂಸ್, ಲಂಡನ್, 1917 ಎಂದು ಆಳವಾಗಿ ಕೊರೆದಿತ್ತು. ಆ ಹೆಸರಿನ ಸಂಸ್ಥೆ ಹುಟ್ಟಿದ್ದೇ 1947ರಲ್ಲಿ, ಎರಡು ಹಳೆಯ ಸಂಸ್ಥೆಗಳು ಒಂದಾದಾಗ, ಎಂಬುದು ನನಗೆ ತಿಳಿದದ್ದು ಆಮೇಲೆ. ಆದರೆ ಹೆಸರನ್ನು ಓದದೆಯೂ ಅದನ್ನು ಹಿಡಿಯಬಹುದಾಗಿತ್ತು. ಪ್ರಿಸಂನೊಳಗೆ ಇಣುಕಿದರೆ ಅಂಕಿಗಳು ಮಸುಕು, ಏಕೆಂದರೆ ಅದು ಪ್ರಿಸಂ ಅಲ್ಲ, ಬರಿಯ ಗಾಜಿನ ತುಂಡು. ಡಯಲ್ಲಿನಲ್ಲಿ ಅಂಕಿಗಳನ್ನು ತಿರುಗಿಸಿ ಬರೆಯಬೇಕೆಂಬುದೇ ಮಾಡಿದವನಿಗೆ ಗೊತ್ತಿರಲಿಲ್ಲ. ಮುಚ್ಚಳದ ಕೀಲಿಗೆ ಉಕ್ಕಿನ ಕಡ್ಡಿ ಹಾಕಿದ್ದರು. ಮುಚ್ಚಳ ತೆರೆಯುವಾಗ ಸೂಜಿ ಆ ಕಡ್ಡಿಯ ಕಡೆಗೆ ಸ್ವಲ್ಪ ವಾಲುತ್ತದೆ, ಮುಚ್ಚಿದರೆ ಮರಳುತ್ತದೆ. ಈಗಲೂ ಅದು ನನ್ನ ಮೇಜಿನ ಮೇಲಿದೆ. ನಕ್ಷೆ ಹರಡಿದಾಗ ಗಾಳಿಗೆ ಹಾರದಂತೆ ಅದರ ಒಂದು ಮೂಲೆಗೆ ಇಡಲು ಒಳ್ಳೆಯ ತೂಕ, ಸಿಲ್ವಾ ತಟ್ಟೆಯಿಂದ ಒಂದು ಗೇಣು ದೂರದಲ್ಲಿಟ್ಟರೆ.